ಯೆಜ್ಡಿ ಬಿಸಿಯಾದರೆ ನಿಲ್ಲುತ್ತಿದೆ, ಮೈಸೂರಿಗೆ ಹೋಗಬೇಕು

ಮಂಡಕ್ಕಿಭಟ್ಟಿ ಹುಡುಗ, ದಾವಣಗೆರೆ:
ಎಲ್ಲರಿಗೂ ನಮಸ್ಕಾರ. ನನ್ನ ಬೈಕು 1986ರ ಯೆಜ್ಡಿ ರೋಡ್‌ಕಿಂಗ್. ಅಪ್ಪಾಜಿ ಮಂಡಕ್ಕಿ ಭಟ್ಟಿ ನಡೆಸುವಾಗ ತಗೊಂಡಿದ್ದು. ಹಿಂದೆ ಮಂಡಕ್ಕಿ ಚೀಲ ಕಟ್ಟಿಕೊಂಡು ಹರಿಹರ, ಮಲೇಬೆನ್ನೂರು ಸುತ್ತಿದ ಗಾಡಿ. ಹನ್ನೊಂದು ವರ್ಷ ಹಿತ್ತಲಲ್ಲಿ ನಿಂತಿತ್ತು. ಬೋರ್ ಮಾಡಿಸಿ (ಸಿಲಿಂಡರ್ ಒಳಗೆ ಕೊರೆಸಿ) ಹೊಸ ಪಿಸ್ಟನ್ ಹಾಕಿಸಿದೆ. ಕ್ರ್ಯಾಂಕ್ ಸೀಲು ಬದಲಾಯಿತು, ಟ್ಯಾಂಕಿನ ತುಕ್ಕು ಹೋಯಿತು. ಹಿಂದಿನ ಮಡ್‌ಗಾರ್ಡಿನ ಮೇಲೆ ಚೀಲದ ಹಗ್ಗ ಉಜ್ಜಿದ ಗೀರು ಇದೆ, ಅದಕ್ಕೆ ಮಾತ್ರ ಬಣ್ಣ ಹೊಡೆಸಿಲ್ಲ.

ಊರೊಳಗೆ ಏನೂ ತೊಂದರೆ ಇಲ್ಲ. ಹೈವೇಯಲ್ಲಿ ಆನಗೋಡು ದಾಟಿ ಭರಮಸಾಗರದ ಹತ್ತಿರ ಬಂದರೆ ಮಿಸ್ ಹೊಡೆದು ನಿಂತುಬಿಡುತ್ತದೆ. ಕಾಲು ಗಂಟೆ ಬಿಟ್ಟು ಕಿಕ್ ಹೊಡೆದರೆ ಸ್ಟಾರ್ಟ್. ಮೂರು ಸಲ ಹೀಗೇ ಆಯಿತು. ಒಬ್ಬ ಮೆಕ್ಯಾನಿಕ್ ಕಾರ್ಬೊರೇಟರ್ ಬದಲಿಸು ಅಂತಾರೆ, ಇನ್ನೊಬ್ಬರು ಮತ್ತೆ ಬೋರ್ ಬಿಚ್ಚೋಣ ಅಂತಾರೆ. ಜುಲೈ ಎರಡನೇ ಭಾನುವಾರ ಜಾವಾ, ಯೆಜ್ಡಿ ಬೈಕಿನವರೆಲ್ಲ ಸೇರುವ ಜಾವಾ ದಿನ. ಈ ಗಾಡಿ ಹುಟ್ಟಿದ ಮೈಸೂರಿಗೆ ಇದರಲ್ಲೇ ಹೋಗಬೇಕು ಅಂತ ಆಸೆ. ಅಪ್ಪಾಜಿ ರೈಲಲ್ಲಿ ಬಂದು ಅಲ್ಲಿ ಕಾಯುತ್ತಾರಂತೆ. ಏನು ನೋಡಲಿ?

ದುರ್ಗದ ಜಾವಾ, ಚಿತ್ರದುರ್ಗ:
ತಮ್ಮಾ, ಬೋರ್ ಬಿಚ್ಚಬೇಡ. ಮನೆಗೆ ತಂದು ತಣ್ಣಗಾದ ಮೇಲೆ ಹುಡುಕಿದರೆ ಏನೂ ಸಿಗಲ್ಲ. ನಿಂತ ಜಾಗದಲ್ಲೇ, ಬಿಸಿ ಇದ್ದಾಗಲೇ ನೋಡಬೇಕು.

ಮೊದಲು ಟ್ಯಾಂಕಿನ ಮುಚ್ಚಳ ತೆಗಿ. ಸುಯ್ ಅಂತ ಗಾಳಿ ಎಳೆದುಕೊಂಡರೆ ಮುಚ್ಚಳದ ತೂತು ಕಟ್ಟಿದೆ, ಪೆಟ್ರೋಲ್ ಇಳೀತಿಲ್ಲ ಅಂತ ಅರ್ಥ. ಸದ್ದಿಲ್ಲ ಅಂದರೆ ಮುಚ್ಚಳ ಭದ್ರ ಮಾಡಿ, ಬಟ್ಟೆ ಹಿಡಿದು ಪ್ಲಗ್ ಬಿಚ್ಚು. ಪ್ಲಗ್ಗನ್ನು ಅದರ ತೂತಿನಿಂದ ದೂರ, ಎಂಜಿನ್ನಿನ ಲೋಹಕ್ಕೆ ತಾಗಿಸಿ ಕಿಕ್ ಹೊಡಿ. ಕಿಡಿ ನೀಲಿಯಾಗಿ ಚಟ್ ಅಂದರೆ ಸರಿ. ಕೆಂಪಗೆ ಸೊರಗಿದ್ದರೆ ಕಂಡೆನ್ಸರ್ (ಕರೆಂಟ್ ಹಿಡಿದಿಡೋ ಸಣ್ಣ ಡಬ್ಬಿ) ಅಥವಾ ಕಾಯಿಲ್ (ಪ್ಲಗ್ಗಿಗೆ ಕಿಡಿಯ ಕರೆಂಟ್ ಕೊಡೋದು) ಕೆಟ್ಟಿದೆ.

ನನ್ನ 1969ರ ಜಾವಾ ಹಿರಿಯೂರಿನ ಬಿಸಿಲಲ್ಲಿ ಹೀಗೇ ಮಾಡುತ್ತಿತ್ತು. ವಾಣಿವಿಲಾಸ ಸಾಗರದ ಏರಿ ಹತ್ತಿರ ಎರಡು ಸಲ ತಳ್ಳಿದ್ದೇನೆ. ಕಾಯಿಲ್, ಕಾರ್ಬೊರೇಟರ್ ಎಲ್ಲ ಬದಲಿಸಿ ಸುಮ್ನೆ ದುಡ್ಡು ಸುರಿದೆ. ಕೊನೆಗೆ ನೋಡಿದರೆ ಕಂಡೆನ್ಸರ್. ತಣ್ಣಗಿದ್ದಾಗ ಕೆಲಸ ಮಾಡುತ್ತೆ, ಕಾದರೆ ಕೈಕೊಡುತ್ತೆ. ಆಗ ಕಿಡಿ ಪ್ಲಗ್ಗಿಗೆ ಹೋಗೋ ಬದಲು ಪಾಯಿಂಟಲ್ಲೇ (ಕಾಯಿಲಿನ ಕರೆಂಟನ್ನು ಕಡಿದು ಕೂಡಿಸೋ ಸ್ವಿಚ್ಚಲ್ಲೇ) ಹಾರುತ್ತೆ, ಪಾಯಿಂಟ್ ಮುಖ ಕಪ್ಪಾಗುತ್ತೆ. 1996ರಲ್ಲಿ ಮೈಸೂರಿನ ಫ್ಯಾಕ್ಟರಿ ಮುಚ್ಚಿದ ಮೇಲೆ ಒಳ್ಳೇ ಮಾಲು ಸಿಗೋದು ಕಷ್ಟ. ಎರಡು ತಗೋ. ಎರಡನ್ನೂ ಬೇರೆ ಬೇರೆ ದಿನ ಹಾಕಿ ಓಡಿಸಿ ನೋಡಿದ ಮೇಲೇ ದೂರ ಹೊರಡು. ಪಾಯಿಂಟ್ ಗ್ಯಾಪ್ 0.4 ಮಿ.ಮೀ. ಇರಲಿ.

ತೆಂಗಿನತೋಟ, ಹೊಸದುರ್ಗ:
ಅಣ್ಣ ಹೇಳಿದ್ದು ಸರಿ. ಒಂದು ಮಾತು ಸೇರಿಸುತ್ತೇನೆ. ಉದ್ದನೆಯ ಇಳಿಜಾರಲ್ಲಿ ಆಕ್ಸಿಲರೇಟರ್ ಪೂರ್ತಿ ಬಿಟ್ಟು ಜಾರಿಸಬೇಡಿ. ಟೂ ಸ್ಟ್ರೋಕ್ ಎಂಜಿನ್ನಿಗೆ ಎಣ್ಣೆ ಬರೋದೇ ಪೆಟ್ರೋಲ್ ಜೊತೆ ಅಲ್ವಾ? ಪೆಟ್ರೋಲ್ ನಿಂತರೆ ಎಣ್ಣೆಯೂ ನಿಲ್ಲುತ್ತೆ, ಹೊಸ ಪಿಸ್ಟನ್ ಹಿಡಿದುಕೊಳ್ಳುತ್ತೆ. ನಾನು ಲೀಟರಿಗೆ 40 ಎಂ.ಎಲ್. ಹಾಕುತ್ತೇನೆ. ದುರ್ಗದಲ್ಲೇ ಹೈವೇ ಬಿಡಿ. ಹೊಳಲ್ಕೆರೆ, ಹೊಸದುರ್ಗ, ಅರಸೀಕೆರೆ, ಚನ್ನರಾಯಪಟ್ಟಣ, ಕೆ.ಆರ್. ಪೇಟೆ ಮೇಲೆ ಹೋಗಿ. ಹಳೇ ಗಾಡಿಗೆ 60ರ ಸ್ಪೀಡು ಸಾಕು, ಲಾರಿಗಳ ಕಾಟವೂ ಕಡಿಮೆ. ಹೊಸದುರ್ಗದಲ್ಲಿ ನಮ್ಮನೇಲಿ ತಿಂಡಿ.

ಮಂಡಕ್ಕಿಭಟ್ಟಿ ಹುಡುಗ, ದಾವಣಗೆರೆ:
ನಿನ್ನೆ ಮತ್ತೆ ಭರಮಸಾಗರದ ಹತ್ತಿರವೇ ನಿಂತಿತು. ಮುಚ್ಚಳ ತೆಗೆದೆ, ಸದ್ದಿಲ್ಲ. ಕಿಡಿ ಮಾತ್ರ ಆರುತ್ತಿರುವ ಊದುಬತ್ತಿ ಥರ ಇತ್ತು. ಪಾಯಿಂಟ್ ಮುಖದಲ್ಲಿ ಕಪ್ಪು ಮಸಿ, ನಡುವೆ ಸಾಸಿವೆಗಿಂತ ಸಣ್ಣ ಗುಳಿ. ಪಾಯಿಂಟ್ ಉಜ್ಜಿ, ಹೊಸ ಕಂಡೆನ್ಸರ್ ಹಾಕಿಸಿದೆ. ಇವತ್ತು ದುರ್ಗದ ಕೋಟೆ ಮುಂದೆ ಟೀ ಕುಡಿದು ವಾಪಸ್ ಬಂದೆ. ಎಲ್ಲೂ ನಿಲ್ಲಲಿಲ್ಲ. ಅಪ್ಪಾಜಿಗೆ ಹೇಳಿದೆ. "ಬೇಸಿಗೇಲಿ ಯಾವಾಗಲೂ ಅದೇ ಹೋಗ್ತಿತ್ತು, ನನ್ನ ಕೇಳಬಾರದಿತ್ತೇನೋ?" ಅಂದರು. ನಾಳೆ ಎರಡನೇ ಕಂಡೆನ್ಸರ್ ಹಾಕಿ ಓಡಿಸುತ್ತೇನೆ, ಅವರನ್ನು ಹಿಂದೆ ಕೂರಿಸಿಕೊಂಡು ಹರಿಹರದವರೆಗೆ.