ಪುಟ್ಟಿ, ನಿಮ್ಮಮ್ಮನನ್ನ ಮಲಗಿಸಬೇಡ

ಪುಟ್ಟಿ, ನಾನು ದೊಡ್ಡಮಾವ. ಬೆಳಿಗ್ಗೆ ನೀನು ಗ್ರೂಪಿಗೆ ಹಾಕಿದ್ದನ್ನ ನಿಮ್ಮತ್ತೆ ಓದಿ ಹೇಳಿದಳು. ಅಮ್ಮನಿಗೆ ಡೆಂಗಿ ಜ್ವರ ಬಿಟ್ಟು ಎರಡು ವಾರ ಆಯಿತು, ಆದರೂ ಸೋಫಾದಿಂದ ಏಳುವಾಗ ಕೈ ಊರುತ್ತಾಳೆ, ಕಾಲು ಸಣ್ಣಗಾಗಿದೆ, ಡಾಕ್ಟರು ಸಾರ್ಕೋಪೀನಿಯಾ, ಅಂದರೆ ಮಾಂಸಖಂಡ ಸವೆದು ಬಲ ಕುಗ್ಗುವ ಕಾಯಿಲೆ, ಇರಬಹುದು ಅಂದರು, ಇನ್ನೊಂದು ತಿಂಗಳು ರೆಸ್ಟ್ ಕೊಡಲಾ ಅಂತ ಕೇಳಿದ್ದೀಯ. ಬೇಡಮ್ಮ. ಟೈಪ್ ಮಾಡುವುದು ನನಗೆ ಆಗುವುದಿಲ್ಲ, ಬಾಯಲ್ಲೇ ಹೇಳುತ್ತೇನೆ. ಪೂರ್ತಿ ಕೇಳು, ನಿಮ್ಮಣ್ಣನ ಹಾಗೆ ಅರ್ಧಕ್ಕೆ ಬಿಡಬೇಡ.

ನಿಮ್ಮಮ್ಮ ಎಂಥವಳು ಅಂತ ಎಲ್ಲರಿಗೂ ಗೊತ್ತು. ಮಲಗು ಅಂದರೆ ಮಲಗುವವಳಲ್ಲ. ಅವಳೇ ಮಲಗಿದ್ದಾಳೆ ಅಂದರೆ ಹೆದರಿದ್ದಾಳೆ ಅಂತ ಅರ್ಥ.

ನನಗೆ ಟೈಫಾಯ್ಡ್ ಬಂದದ್ದು ನೆನಪಿದೆ ಅಲ್ವಾ? ನಿಮಗೆ ಗೊತ್ತಿರುವುದು ಅರ್ಧ ಕಥೆ. ಮೂರು ವಾರ ಮಂಚ ಬಿಟ್ಟು ಇಳಿಯಲಿಲ್ಲ. ಗಂಜಿ, ಬ್ರೆಡ್ಡು, ಎಳನೀರು. ನೀರಿನ ಲೋಟವೂ ಕೈಗೇ ಬರುತ್ತಿತ್ತು. ಸುಳ್ಳು ಯಾಕೆ, ಸುಖವಾಗಿಯೇ ಇತ್ತು. ಜ್ವರ ಪೂರ್ತಿ ಬಿಟ್ಟ ಮೇಲೆ ಒಂದು ದಿನ ಹಿತ್ತಲ ಕಕ್ಕಸಿಗೆ ಹೋದೆ. ಕುಕ್ಕರುಗಾಲಲ್ಲಿ ಕೂತೆ. ಕೂತದ್ದೇನೋ ಕೂತೆ, ಏಳಲು ಬರಲಿಲ್ಲ. ತೊಡೆ ಗಡಗಡ ನಡುಗಿ ಮತ್ತೆ ಕುಸಿಯಿತು. ನಲ್ಲಿ ಹಿಡಿದು ಎಳೆದರೆ ನಲ್ಲಿಯೇ ಕಿತ್ತು ಕೈಗೆ ಬಂತು. ಮುಖಕ್ಕೆ ನೀರು ರಾಚುತ್ತಿದೆ, ಒಳಗಿಂದ ಚಿಲಕ ಹಾಕಿದೆ, ಕೂಗಿದರೆ ನಿಮ್ಮತ್ತೆ ಮಿಕ್ಸಿ ಹಾಕಿಕೊಂಡಿದ್ದಾಳೆ! ಕೊನೆಗೆ ಕಾಯಿ ಸುಲಿಯಲು ಬಂದಿದ್ದವನು ಬಾಗಿಲು ಮುರಿದು, ಕಂಕುಳಿಗೆ ಕೈ ಹಾಕಿ ಎತ್ತಿದ. ಮೂವತ್ತಮೂರು ವರ್ಷ ಹುಡುಗರ ಕೈಲಿ ಬಸ್ಕಿ ಹೊಡೆಸಿದ ಪಿ.ಟಿ. ಮೇಷ್ಟ್ರು ನಾನು. ಒಂದೇ ಒಂದು ಬಸ್ಕಿಯಿಂದ ಏಳಲಾಗಲಿಲ್ಲ.

ಅದಕ್ಕೇ ಹೇಳುವುದು. ಜ್ವರ ಬಿಟ್ಟ ಮೇಲೆ ಅವಳನ್ನ ಮಲಗಿಸಬೇಡ.

ಆಮೇಲೆ ಮನೆಗೆ ಬರುತ್ತಿದ್ದ ಫಿಸಿಯೋಥೆರಪಿ ಹುಡುಗಿ ಎಲ್ಲ ಬಿಡಿಸಿ ಹೇಳಿದಳು. ವಯಸ್ಸಾದ ಹಾಗೆ ಮಾಂಸಖಂಡ ತಾನಾಗಿಯೇ ಸವೆಯುತ್ತದೆ, ಮಲಗಿಬಿಟ್ಟರೆ ಓಡಿಕೊಂಡು ಹೋಗುತ್ತದೆ. ಆರೋಗ್ಯವಾಗಿದ್ದ ವಯಸ್ಸಾದವರನ್ನೇ 10 ದಿನ ಮಲಗಿಸಿ ನೋಡಿದ್ದಾರಂತೆ, ಕಾಲಲ್ಲೇ ಸುಮಾರು ಒಂದು ಕೆ.ಜಿ. ಇಳಿದಿತ್ತಂತೆ. ನನ್ನ ಎರಡೂ ಕೈಯ ಹೆಬ್ಬೆರಳು, ತೋರುಬೆರಳು ಸೇರಿಸಿ ಮೀನಖಂಡದ ದಪ್ಪ ಜಾಗಕ್ಕೆ ಬಳೆ ಹಾಗೆ ಹಿಡಿಸಿದಳು. ಬೆರಳು ಕೂಡಬಾರದು, ಅಥವಾ ಬಿಗಿಯಾಗಿ ಕೂಡಬೇಕು. ನನ್ನದರಲ್ಲಿ ಸಂದು ಬಿದ್ದಿತ್ತು, ಒಂದು ಪೆನ್ಸಿಲ್ ತೂರಿಸಬಹುದಿತ್ತು. ಮಲಗಿಸಬೇಡ ಪುಟ್ಟಿ, ಇನ್ನೊಂದು ಸಲ ಹೇಳುತ್ತಿದ್ದೇನೆ.

ಆದರೆ ನಮ್ಮ ಮನೆಯವರಿಗೆ ಅದು ತಲೆಗೆ ಹೋಗಬೇಕಲ್ಲ! ಆವತ್ತಿನಿಂದ ನಾನು ಗಾಜಿನ ಸಾಮಾನು. ತೋಟಕ್ಕೆ ಹೊರಟರೆ 'ಬಿಸಿಲು', ಕೊಡ ಎತ್ತಿದರೆ 'ಬಿಡಿ ಬಿಡಿ'. ಹೋದ ವರ್ಷ ಗೃಹಪ್ರವೇಶದಲ್ಲಿ ಎಲ್ಲರೂ ಪಂಕ್ತಿಯಲ್ಲಿ ಕೂತರೆ, ನನಗೆ ಮಾತ್ರ ಫ್ಯಾನ್ ಕೆಳಗೆ, ಮೂಲೆಯಲ್ಲಿ ಪ್ಲಾಸ್ಟಿಕ್ ಕುರ್ಚಿ. ಹೋಳಿಗೆ ಎರಡನೇ ಸಲ ಆ ಕಡೆ ಬರಲೇ ಇಲ್ಲ. ಯಾರು ಬಡಿಸುತ್ತಿದ್ದರು ಅಂತ ನನಗೆ ನೆನಪಿದೆ, ಹೆಸರು ಹೇಳುವುದಿಲ್ಲ. ನೆಲದ ಮೇಲೆ ಕೂತು ಏಳುವುದೇ ನನಗೆ ಔಷಧಿ ಅಂತ ಎಷ್ಟು ಸಲ ಹೇಳಲಿ?

ಹಾಂ, ನಿಮ್ಮತ್ತೆ ತಿವಿಯುತ್ತಿದ್ದಾಳೆ. ಮಗು ಕೇಳಿದ್ದಕ್ಕೆ ಉತ್ತರ ಹೇಳಿ ಅಂತ.

ಗಟ್ಟಿ ಕುರ್ಚಿ ಒಂದನ್ನ ಗೋಡೆಗೆ ಒರಗಿಸಿ ಇಡು. ಅಮ್ಮ ಎರಡೂ ಕೈ ಎದೆಗೆ ಕಟ್ಟಿಕೊಂಡು 5 ಸಲ ಎದ್ದು ಕೂರಲಿ, ನೀನು ಪಕ್ಕದಲ್ಲೇ ನಿಂತು ಮೊಬೈಲಲ್ಲಿ ಟೈಮ್ ನೋಡು. 12 ಸೆಕೆಂಡ್ ಆದರೂ ಮುಗಿಯದಿದ್ದರೆ ಕಾಲಲ್ಲಿ ಬಲ ಕಡಿಮೆ ಅಂತ. ನನಗೆ ಮೊದಲ ದಿನ ಎರಡಕ್ಕೇ ಸುಸ್ತು. ಆಗದಿದ್ದರೆ ಮೊದಮೊದಲು ಕೈ ಊರಿಯೇ ಮಾಡಲಿ. ಬರೀ ವಾಕಿಂಗ್ ಸಾಲದು, ತೊಡೆಗೆ ಭಾರ ಬೀಳಬೇಕು. ಬಾಸ್ಟನ್‌ನಲ್ಲಿ 1990ರಲ್ಲಿ ತೊಂಬತ್ತು ವಯಸ್ಸಿನವರಿಗೆ 8 ವಾರ ತೂಕ ಎತ್ತಿಸಿದರಂತೆ, ಕಾಲಿನ ಬಲ ದುಪ್ಪಟ್ಟು ದಾಟಿತಂತೆ. ಇವಳಿಗಿನ್ನೂ 71, ಏನು ಮಹಾ?

ಗಂಜಿ ನಿಲ್ಲಿಸು. ಅವಳ ತೂಕ 55 ಇದೆಯಲ್ಲ, ದಿನಕ್ಕೆ 55ರಿಂದ 65 ಗ್ರಾಂ ಪ್ರೋಟೀನ್ ಬೇಕು. ಮೊಟ್ಟೆ ಒಂದಕ್ಕೆ 6 ಗ್ರಾಂ ಅಷ್ಟೇ. ಮೊಟ್ಟೆ ಮುಟ್ಟುವುದಿಲ್ಲ ಅಂತ ಹಟ ಮಾಡಿದರೆ ಗಟ್ಟಿ ಬೇಳೆ, ಮೊಳಕೆ ಹುರುಳಿ, ಮೊಸರು, ಕಡಲೆಬೀಜ. ಮೂರು ಹೊತ್ತೂ ಸ್ವಲ್ಪ ಸ್ವಲ್ಪ ಹೋಗಲಿ. ಅವಳಿಗೆ ಶುಗರ್ ಇದೆ, ಕಿಡ್ನಿ ಹೇಗಿದೆ ಅಂತ ಡಾಕ್ಟರನ್ನ ಕೇಳಿಯೇ ಜಾಸ್ತಿ ಮಾಡು. ವ್ಯಾಯಾಮ ಯಾವತ್ತಿನಿಂದ ಅಂತಲೂ ಕೇಳಿಬಿಡು. ಬಚ್ಚಲಿಗೆ ಹೋದಾಗ ಚಿಲಕ ಹಾಕಬೇಡ ಅನ್ನು.

ಎಷ್ಟು ಸಲ ಎದ್ದಳು ಅಂತ ಇಲ್ಲೇ ಹಾಕು. ಕೈ ಮುಗಿದ ಚಿತ್ರ ಬೇಡ, ಲೆಕ್ಕ ಹಾಕು.