ರೈನೋ ಸರ್ಫೇಸ್ ಸಾಲಿಡ್‌ವರ್ಕ್ಸಿಗೆ ತಂದ್ರೆ ತುಂಡು ತುಂಡು, ಹಾಳೆ ತಟ್ಟೆ ಡೈಗೆ ಆಫ್‌ಸೆಟ್ ಆಗುದಿಲ್ಲ

ಹಾಳೆಡೈ_ಬದಿಯಡ್ಕ

ನಮಸ್ಕಾರ. ನಮ್ದು ಬದಿಯಡ್ಕದ ಹತ್ರ ಸಣ್ಣ ವರ್ಕ್‌ಶಾಪ್, ಅಡಿಕೆ ಹಾಳೆ ತಟ್ಟೆ ಒತ್ತುವ ಮೆಷಿನಿಗೆ ಡೈ ಮಾಡಿ ಕೊಡುದು. ರೌಂಡ್, ಚೌಕ ಎಲ್ಲ ಸಾಲಿಡ್‌ವರ್ಕ್ಸ್ ಹೇಳುವ ತ್ರೀಡಿ ಡಿಸೈನ್ ಸಾಫ್ಟ್‌ವೇರಲ್ಲಿ ನಾವೇ ಮಾಡ್ತೇವೆ, ಅದ್ರಲ್ಲಿ ಏನೂ ತಲೆಬಿಸಿ ಇಲ್ಲ. ಈಗ ಒಂದು ಪಾರ್ಟಿ ವೀಳ್ಯದೆಲೆ ಆಕಾರದ ತಟ್ಟೆ ಬೇಕು ಹೇಳಿ ಅವರ ಡಿಸೈನರ್ ರೈನೋ ಹೇಳುವ ಬೇರೆ ಸಾಫ್ಟ್‌ವೇರಲ್ಲಿ ಮಾಡಿದ ಮಾಡೆಲನ್ನು ಐಜಿಇಎಸ್ (ಒಂದು ಸಾಫ್ಟ್‌ವೇರಿಂದ ಇನ್ನೊಂದಕ್ಕೆ ಕೊಡುವ ಫೈಲ್ ಫಾರ್ಮ್ಯಾಟ್) ಆಗಿ ಕಳಿಸಿದ್ದಾರೆ. ದಪ್ಪ ಇಲ್ಲ, ಬರೀ ಮೇಲ್ಮೈ. ಫೋಟೋದಲ್ಲಿ ಭಾರೀ ಚಂದ ಉಂಟು, ಇಲ್ಲಿ ಓಪನ್ ಮಾಡಿದ್ರೆ ಒಂದು ಬಾಡಿಯಾಗಿ ಬರುದೇ ಇಲ್ಲ ಮಾರ್ರೆ, 38 ಸರ್ಫೇಸ್ ಬೇರೆ ಬೇರೆ ಬಿದ್ದಿರ್ತದೆ, ಅದ್ರಲ್ಲಿ ತೊಟ್ಟಿನ ಹತ್ರದ್ದು ಒಂದು ಟ್ರಿಮ್ಮೇ ಆಗದೆ ಹೊರಗೆ ಚಾಚಿಕೊಂಡು ಉಂಟು, ಎಲೆಯ ತುದಿಯಲ್ಲಿ ಒಂದು ಸರ್ಫೇಸ್ ಇಲ್ಲವೇ ಇಲ್ಲ, ಒಟ್ಟೆ. ಇಂಪೋರ್ಟ್ ಡಯಾಗ್ನಾಸ್ಟಿಕ್ಸಲ್ಲಿ ಹೀಲ್ ಆಲ್ ಒತ್ತಿದ್ರೆ ಕೆಲವು ಗ್ಯಾಪ್ ಹೋಗ್ತದೆ, ಕೆಲವು ಹಾಗೇ ಕೂತಿರ್ತದೆ.

ನನಗೆ ಬೇಕಾದ್ದು ಇಷ್ಟೇ, ಕೆಳಗಿನ ಡೈಗೆ ಈ ಸರ್ಫೇಸ್, ಮೇಲಿನಿಂದ ಒತ್ತುವ ಪಂಚಿಗೆ ಇದನ್ನೇ ಎರಡೂವರೆ ಎಂಎಂ ಒಳಗೆ ಆಫ್‌ಸೆಟ್, ಅಂದ್ರೆ ಎಲ್ಲ ಕಡೆ ಅಷ್ಟೇ ಅಂತರದಲ್ಲಿ ಇನ್ನೊಂದು ಸರ್ಫೇಸ್. ಅದು ಎರರ್ ಕೊಡ್ತದೆ. ಮಂಗಳೂರಿನ ವಿಎಂಸಿಯವರು (ಕಂಪ್ಯೂಟರ್ ಮಿಲ್ಲಿಂಗ್ ಮೆಷಿನಲ್ಲಿ ಡೈ ಕೊರೆದು ಕೊಡುವವರು) ಸಾಲಿಡ್, ಅಂದ್ರೆ ಒಳಗೂ ತುಂಬಿದ ಮಾಡೆಲ್, ಮಾಡಿ ಕೊಡಿ ಅಂತ ಹೇಳ್ತಾರೆ, ಇಲ್ಲಿ ಒಬ್ರು ಎಸ್‌ಟಿಎಲ್ ಮಾಡಿ ಕೊಟ್ಟುಬಿಡಿ ಸುಲಭ ಅಂದ್ರು. ಎಂತ ಮಾಡುದು?

ಹೊಸೂರ್ ಟೂಲ್‌ರೂಮ್

ಸಾರ್ ಮೊದ್ಲು ಆ ಎಸ್‌ಟಿಎಲ್ ಐಡಿಯಾ ಬಿಟ್ಬಿಡಿ. ಅದ್ರಲ್ಲಿ ಸರ್ಫೇಸೇ ಇರಲ್ಲ, ಬರೀ ತ್ರಿಕೋನಗಳು. ತ್ರೀಡಿ ಪ್ರಿಂಟ್‌ಗೆ ಓಕೆ, ಡೈಗೆ ಹಾಕಿದ್ರೆ ಫೈನ್ ಆಗಿ ತೆಗೀದೇ ಇದ್ರೆ ಆ ಮೂಲೆಗಳೆಲ್ಲ ತಟ್ಟೆ ಮೇಲೆ ಪಟ್ಟಿ ಪಟ್ಟಿಯಾಗಿ ಬಂದ್ಬಿಡುತ್ತೆ.

ಐಜಿಇಎಸ್ ಕಥೆ ಹೇಳ್ತೀನಿ. 1980ರ ಫಾರ್ಮ್ಯಾಟ್ ಅದು, 1996ರಲ್ಲಿ 5.3 ಬಂದಿದ್ದೇ ಕೊನೆ. ಅದ್ರಲ್ಲೂ ಸಾಲಿಡ್ ಬರೆಯೋಕೆ ದಾರಿ ಇದೆ, ಆದ್ರೆ ಸಾಮಾನ್ಯವಾಗಿ ಬರೋದು 144 ನಂಬರಿನ ಟ್ರಿಮ್ಡ್ ಸರ್ಫೇಸ್, ಅಂದ್ರೆ ಒಂದೊಂದು ಫೇಸೂ ತನ್ನ ಗಡಿ ತಾನೇ ಹೊತ್ಕೊಂಡು ಬರುತ್ತೆ, ಪಕ್ಕದ ಫೇಸಿನ ಎಡ್ಜೂ ನನ್ನ ಎಡ್ಜೂ ಒಂದೇ ಅನ್ನೋ ಮಾಹಿತಿ ಫೈಲಲ್ಲಿ ಇರೋದೇ ಇಲ್ಲ. ಓಪನ್ ಮಾಡೋ ಸಾಫ್ಟ್‌ವೇರ್ ಹತ್ರ ಹತ್ರ ಇರೋದನ್ನ ನೋಡಿ ತಾನೇ ಊಹೆ ಮಾಡಿ ಹೊಲೀಬೇಕು. ಇನ್ನೊಂದು, ಆ ಟ್ರಿಮ್ ಗಡಿಯನ್ನ ಎರಡು ಥರ ಬರೆದಿರ್ತಾರೆ, ಸರ್ಫೇಸಿನ ಯುವಿ (ಅದರ ಮೇಲಿನದೇ ಎರಡು ದಿಕ್ಕಿನ ಅಳತೆ) ಲೆಕ್ಕದಲ್ಲಿ ಒಂದು, ತ್ರೀಡಿ ಕರ್ವ್ ಆಗಿ ಇನ್ನೊಂದು. ಇವೆರಡೂ ತಾಳೆ ಆಗ್ಲಿಲ್ಲ ಅಂದ್ರೆ ಟ್ರಿಮ್ ಕೈಕೊಡುತ್ತೆ, ನಿಮ್ಮ ತೊಟ್ಟಿನ ಹತ್ರ ಚಾಚ್ಕೊಂಡಿರೋದು ಬಹುಶಃ ಅದೇ ಕೇಸು.

ಡಿಸೈನರ್‌ಗೆ ಹೇಳಿ ಸ್ಟೆಪ್ ಫಾರ್ಮ್ಯಾಟಲ್ಲಿ ಫೈಲ್ ತರಿಸ್ಕೊಳ್ಳಿ, ಅದ್ರಲ್ಲಿ ಎಪಿ 214 ಅನ್ನೋ ಥರದ್ದು ಆದ್ರೂ ಸರಿ 242 ಆದ್ರೂ ಸರಿ. ಅದ್ರಲ್ಲಿ ಯಾವ ಫೇಸು ಯಾವುದಕ್ಕೆ ಅಂಟಿದೆ ಅನ್ನೋದೂ ಜೊತೆಗೇ ಬರುತ್ತೆ. ಇಲ್ಲಾಂದ್ರೆ ಪ್ಯಾರಾಸಾಲಿಡ್ ಎಕ್ಸ್‌ಟಿ, ರೈನೋದಿಂದ ನೇರ ಎಕ್ಸ್‌ಪೋರ್ಟ್ ಆಗುತ್ತೆ, ಸಾಲಿಡ್‌ವರ್ಕ್ಸ್ ಓಡೋದೇ ಅದೇ ಕರ್ನಲ್ (ಆಕಾರದ ಲೆಕ್ಕ ಹಾಕೋ ಎಂಜಿನ್) ಮೇಲೆ.

ಸೊಲ್ಲಾಪುರ ಕ್ಯಾಡ್

ಹೊಸೂರಿನವ್ರು ಹೇಳಿದ್ದು ಖರೆ ಅದ, ಆದ್ರ ಸ್ಟೆಪ್ ಅಂದ್ರ ಗಂಗಾಜಲ ಅಲ್ರಿ, ಹೊಲಸಿದ್ದದ್ದು ಹೊಲಸ ಬರತದ. ಎಲ್ಲಾರೂ ಇಂಪೋರ್ಟ್ ಕೆಡತು ಇಂಪೋರ್ಟ್ ಕೆಡತು ಅಂತಾರ, ಭಾಳ ಸಲ ಕೆಟ್ಟಿದ್ದು ಆ ಕಡೀನೇ ಇರತದ. ರೈನೋ ಫೈಲಿನಾಗ ಅಬ್ಸಲ್ಯೂಟ್ ಟಾಲರನ್ಸ್ (ಎಷ್ಟು ಗ್ಯಾಪ್ ತನಕ ನಡೀತದ ಅನ್ನೋ ಅಳತಿ) 0.01 ಎಂಎಂ ಇಟ್ಟು ಕೆಲಸ ಮಾಡಿದ್ರ ಅಷ್ಟು ಗ್ಯಾಪ್ ಇದ್ರೂ ಅದು ಜಾಯಿನ್ ಆತು ಅಂತದ. ಪ್ಯಾರಾಸಾಲಿಡ್ ಲೆಕ್ಕ 0.00001 ಎಂಎಂ. ಸಣ್ಣ ಗ್ಯಾಪ್ ಇದ್ರ ಅದೂ ಸಹಿಸ್ಕೊಂಡು ಹೊಲೀತದ, ಆಮ್ಯಾಲೆ ಆಫ್‌ಸೆಟ್, ಫಿಲೆಟ್ (ಮೂಲಿ ದುಂಡು ಮಾಡೋದು) ಕೊಡೋ ಮುಂದ ಸೇಡು ತೀರಿಸ್ಕೊಳ್ತದ. ಮತ್ತ ಮಾಡೆಲ್ ಮುಗಿದ ಮ್ಯಾಲೆ ಟಾಲರನ್ಸ್ ನಂಬರ್ ಬದಲಿ ಮಾಡಿದ್ರ ಏನೂ ಆಗಂಗಿಲ್ಲ, ಹಳೇ ಎಡ್ಜ್ ಹಂಗೇ ಇರತಾವ. ಎಕ್ಸ್‌ಪ್ಲೋಡ್ ಮಾಡಿ, ರೀಬಿಲ್ಡ್ ಎಡ್ಜಸ್ ಕೊಟ್ಟು, 0.001ಕ್ಕ ತಂದು ತಿರುಗಿ ಜಾಯಿನ್ ಮಾಡಬೇಕು.

ಡಿಸೈನರ್‌ಗೆ ಒಂದು ಕೆಲಸ ಹಚ್ಚರಿ. ಶೋ ಎಡ್ಜಸ್ ಕಮಾಂಡ್ ಕೊಟ್ಟು ನೇಕೆಡ್ ಎಡ್ಜ್, ಅಂದ್ರ ಯಾವುದಕ್ಕೂ ಅಂಟದ ಅಂಚು, ನೋಡ್ಲಿ. ನಿಮ್ದು ದಪ್ಪಿಲ್ಲದ ಮೇಲ್ಮೈ, ಹೊರಗಿನ ಅಂಚು ಒಂದು ಸುತ್ತ ಬಣ್ಣ ಬರೋದು ಸರಿ ಅದ, ಅದು ಬಿಟ್ಟು ನಡಕ ಎಲ್ಲೇ ಗೀಟು ಕಂಡ್ರೂ ಅದೇ ಬಿರುಕು. ಅಲ್ಲಿ ಜಾಯಿನ್ ಎಡ್ಜ್ ಒತ್ತಿ ಮುಚ್ಚಿದ್ರ ಒಪ್ಪಬ್ಯಾಡ್ರಿ! ಅದು ಗ್ಯಾಪ್ ತುಂಬಂಗಿಲ್ಲ, ಸರ್ಫೇಸ್ ಒಂದು ಕೂದಲೆಳೀನೂ ಸರಿಯಂಗಿಲ್ಲ, ಎರಡೂ ಒಂದೇ ಎಡ್ಜ್ ಅಂತ ಬರೆದಿಡತದ ಅಷ್ಟ. ಎಲಿ ತುದಿಗೆ ಪ್ಯಾಚ್ ಕಮಾಂಡ್‌ಲೆ ಮುಚ್ಯಾರೇನೋ ಕೇಳ್ರಿ, ಪ್ಯಾಚ್ ಅಂಚಿಗೆ ಅಂದಾಜಿಗೆ ಕೂಡತದ, ಕರೆಕ್ಟ್ ಕೂಡಂಗಿಲ್ಲ.

ಐಜಿಇಎಸ್ಸೇ ಗತಿ ಅಂದ್ರ ಅದನ್ನ ನೋಟ್‌ಪ್ಯಾಡ್‌ನಾಗ ತಗೀರಿ, ಬರೀ ಟೆಕ್ಸ್ಟ್ ಅದ. ಹಳೇ ಪಂಚ್ ಕಾರ್ಡಿನಂಗ ಸಾಲಿಗೆ 80 ಅಕ್ಷರ, 73ನೇದು ಯಾವ ಸೆಕ್ಷನ್ ಅಂತ ಹೇಳತದ. ಜಿ ಇರೋ ಸಾಲಿನಾಗ 14ನೇ ಐಟಂ ಯೂನಿಟ್, 1 ಇದ್ರ ಇಂಚು, 2 ಇದ್ರ ಎಂಎಂ. 19ನೇದು ಕಳಿಸಿದವ್ರ ರೆಸಲ್ಯೂಷನ್, ಅಂದ್ರ ಎಷ್ಟು ಸಣ್ಣ ಅಳತಿ ತನಕ ಲೆಕ್ಕಕ್ಕ ಹಿಡಿದಾರ ಅಂತ. ಯಾರು ಎಷ್ಟು ಸಡಿಲ ಮಾಡ್ಯಾರ ಅನ್ನೋದು ಫೋನ್ ಮಾಡೋಕಿಂತ ಮೊದ್ಲೇ ಗೊತ್ತಾಗತದ.

ಹಾಳೆಡೈ_ಬದಿಯಡ್ಕ

ತುಂಬ ಉಪಕಾರ ಇಬ್ರಿಗೂ. ನೋಟ್‌ಪ್ಯಾಡಲ್ಲಿ ನೋಡಿದೆ, ಯೂನಿಟ್ 2, ರೆಸಲ್ಯೂಷನ್ 0.01 ಅಂತಲೇ ಉಂಟು. ಡಿಸೈನರಿಗೆ ಹೇಳಿದ್ದಕ್ಕೆ ತುದಿಯ ಪ್ಯಾಚ್ ತೆಗ್ದು ಬೇರೆ ಮಾಡಿ ಸ್ಟೆಪ್ ಕಳಿಸಿದ್ರು, ಅದು ಒಂದೇ ಸರ್ಫೇಸ್ ಬಾಡಿಯಾಗಿ ಬಂತು, ಒಟ್ಟೆಯೂ ಇಲ್ಲ ಚಾಚಿದ್ದೂ ಇಲ್ಲ. ಆದ್ರೆ ಆಫ್‌ಸೆಟ್ ಈಗಲೂ ಆಗುದಿಲ್ಲ! ಒಂದೂವರೆ ಎಂಎಂ ಕೊಟ್ರೆ ಆಗ್ತದೆ, ಎರಡು ಕೊಟ್ರೆ ಇಲ್ಲ. ಇದೆಂತದು ಇದು?

ಹೊಸೂರ್ ಟೂಲ್‌ರೂಮ್

ಒಂದೂವರೆಗೆ ಆಗಿ ಎರಡಕ್ಕೆ ಆಗಲ್ಲ ಅಂದ್ರೆ ಅದು ಇಂಪೋರ್ಟ್ ಪ್ರಾಬ್ಲಮ್ಮೇ ಅಲ್ಲ, ರೇಡಿಯಸ್ ಪ್ರಾಬ್ಲಮ್. ಇವ್ಯಾಲ್ಯುಯೇಟ್ ಟ್ಯಾಬಲ್ಲಿ ಚೆಕ್ ಅಂತ ಇದೆ, ಅದ್ರಲ್ಲಿ ಮಿನಿಮಮ್ ರೇಡಿಯಸ್ ಆಫ್ ಕರ್ವೇಚರ್ ಟಿಕ್ ಮಾಡಿ ನೋಡಿ. ತಟ್ಟೆ ತಳಕ್ಕೂ ಗೋಡೆಗೂ ಸೇರೋ ಮೂಲೆಯಲ್ಲಿ 1.8 ಥರ ಏನೋ ಬರುತ್ತೆ ಅಂತ ನನ್ನ ಅಂದಾಜು. 1.8 ರೇಡಿಯಸ್ ಇರೋ ಕಡೆ ಒಳಗೆ 2.5 ಹೋಗಿ ಅಂದ್ರೆ ಎಲ್ಲಿಗೆ ಹೋಗುತ್ತೆ, ಸರ್ಫೇಸ್ ತನ್ನನ್ನ ತಾನೇ ದಾಟಿ ಆಚೆ ಬಂದ್ಬಿಡುತ್ತೆ.

ಎರಡು ದಾರಿ. ಒಂದು ಆ ಮೂಲೆ ರೇಡಿಯಸ್ 4 ಮಾಡಿಸಿ. ಅದಕ್ಕೆ ಪಾರ್ಟಿ ಒಪ್ಪಲಿಲ್ಲ ಅಂದ್ರೆ ಈ ಸರ್ಫೇಸನ್ನ ಪಂಚಿಗೆ ಇಟ್ಕೊಂಡು ಕೆಳಗಿನ ಡೈಯನ್ನ ಹೊರಗೆ ಆಫ್‌ಸೆಟ್ ಮಾಡಿ, ಆಗ 1.8 ಇದ್ದದ್ದು 4.3 ಆಗುತ್ತೆ, ಆರಾಮಾಗಿ ಬರುತ್ತೆ. ಆದ್ರೆ ಮೇಲಿನ ಬಾಯಂಚು ಹೊರಗೆ ಮಡಚೋ ಕಡೆ ಲೆಕ್ಕ ಉಲ್ಟಾ, ಅಲ್ಲಿ ರೇಡಿಯಸ್ ಕಮ್ಮಿ ಆಗುತ್ತೆ, ಅಲ್ಲೂ ಎರಡೂವರೆಗಿಂತ ಜಾಸ್ತಿ ಇದೆಯಾ ನೋಡ್ಕೊಳ್ಳಿ. ತಟ್ಟೆ ಅಳತೆನೂ ದಪ್ಪದಷ್ಟು ಹೊರಗೆ ಹೋಗುತ್ತೆ, ಪಾರ್ಟಿಗೆ ಮೊದ್ಲೇ ಹೇಳ್ಬಿಡಿ.

ಹಾಳೆಡೈ_ಬದಿಯಡ್ಕ

ಚೆಕ್‌ನಲ್ಲಿ 1.62 ತೋರಿಸ್ತದೆ ಅಣ್ಣ, ತಳದ ಮೂಲೆಯೇ. ಆ ಡಿಸೈನರ್ ಹಾಳೆ ಕೈಯಲ್ಲಿ ಹಿಡಿದು ನೋಡಿದ ಹಾಗೆ ಕಾಣುದಿಲ್ಲ, ಪ್ಲಾಸ್ಟಿಕ್ ತಟ್ಟೆ ಮಾಡುವ ಲೆಕ್ಕದಲ್ಲಿ ಮಾಡಿದ್ದು. ಹಾಳೆ ನಡು ದಪ್ಪ, ಬದಿಗೆ ಹೋದ ಹಾಗೆ ತೆಳು, ಎಷ್ಟು ನೆನೆಸಿದ್ರೂ ಅಷ್ಟು ಸಣ್ಣ ಮೂಲೆಗೆ ಬಗ್ಗಿಸಿದ್ರೆ ಸೀಳ್ತದೆ. ಹಾಗಾಗಿ ರೇಡಿಯಸ್ಸೇ 5 ಮಾಡಿ ಕೊಡ್ಲಿಕ್ಕೆ ಹೇಳಿದ್ದೇನೆ, ಪಾರ್ಟಿಗೂ ಒಂದು ಸೀಳಿದ ತಟ್ಟೆಯ ಫೋಟೋ ಹಾಕಿದೆ, ಕೂಡ್ಲೇ ಒಪ್ಪಿದ್ರು. ಇನ್ನು ವಿಎಂಸಿಯವರಿಗೆ ಸಾಲಿಡ್ ಬೇಕೇ ಬೇಕಾ, ಸರ್ಫೇಸ್ ಕೊಟ್ರೆ ಆಗುದಿಲ್ವಾ?

ಸೊಲ್ಲಾಪುರ ಕ್ಯಾಡ್

ಕ್ಯಾಮ್‌ನಾಗ (ಮೆಷಿನ್ ನಡೆಸೋ ಪ್ರೋಗ್ರಾಂ ಮಾಡೋ ಸಾಫ್ಟ್‌ವೇರಿನಾಗ) ಟೂಲ್‌ಪಾತ್, ಅಂದ್ರ ಕಟರ್ ಹೋಗೋ ದಾರಿ, ಹಾಕಲಿಕ್ಕ ಸರ್ಫೇಸ್ ಸಾಕ್ರಿ, ಅವ್ರು ಸಾಲಿಡ್ ಕೇಳೋದು ಬಿರುಕಿಲ್ಲ ಅನ್ನೋ ಖಾತ್ರಿಗೆ. ನಿಮ್ದು ಒಂದೇ ಬಾಡಿ ಆಗೇದಲ್ಲ, ಬ್ಲಾಕ್ ಮಾಡಿ ಆ ಸರ್ಫೇಸಿಂದ ಕಟ್ ಕೊಡ್ರಿ, ಹೀಟರಿನ ತೂತು, ಬೋಲ್ಟ್ ತೂತು ಎಲ್ಲಾ ಅದರಾಗೇ ಬರತಾವ. ಕಟ್ ಕೊಡೋಕಿಂತ ಮೊದ್ಲ ಸರ್ಫೇಸಿನ ಹೊರ ಅಂಚನ್ನ ಎಕ್ಸ್‌ಟೆಂಡ್ ಮಾಡಿ ಬ್ಲಾಕಿನ ಹೊರಗ ಒಂದಿಷ್ಟು ತಗೀರಿ, ಇಲ್ಲಾಂದ್ರ ಕಟ್ ಆಗಂಗಿಲ್ಲ. ಕಳಿಸೋ ಮುಂದ ಅವ್ರ ಸಾಫ್ಟ್‌ವೇರ್ ಯಾವ ವರ್ಷದ್ದು ಕೇಳಿ, ಎಕ್ಸ್‌ಟಿ ಸೇವ್ ಮಾಡೋವಾಗ ಆಪ್ಷನ್ಸ್‌ನಾಗ ಹಳೇ ವರ್ಷನ್ ಆರಿಸ್ಕೊಳ್ರಿ, ಹೊಸಾದು ಹಳೇದ್ರಾಗ ತೆರಿಯಂಗಿಲ್ಲ.