ಪಾಳು ನಿಲ್ದಾಣವೋ, ಮುಚ್ಚಿದ ನಿಲ್ದಾಣವೋ?

ಪ್ರಶ್ನೆ: ನ್ಯೂಯಾರ್ಕಿನ ನೆಲದಡಿಯ ರೈಲಿನ ಸಿಟಿ ಹಾಲ್ ನಿಲ್ದಾಣದ ಚರಿತ್ರೆಯನ್ನು ಕನ್ನಡಕ್ಕೆ ತರುವಾಗ ‘ಅಬ್ಯಾಂಡನ್ಡ್ ಸಬ್‌ವೇ ಸ್ಟೇಷನ್’ ಎಂಬುದನ್ನು ‘ಪಾಳುಬಿದ್ದ ಸಬ್‌ವೇ ನಿಲ್ದಾಣ’ ಎನ್ನಬಹುದೇ? ‘ಪರಿತ್ಯಕ್ತ’ ಹೇಗೆ?

ಉತ್ತರ: ‘ಪಾಳು’ ಇಲ್ಲಿ ಸಲ್ಲದು. ಪಾಳುಮನೆ, ಪಾಳುಬಾವಿ, ಪಾಳುಗುಡಿ ಎಂದಾಗ ನೋಡಿಕೊಳ್ಳುವವರಿಲ್ಲದೆ ಹಾಳಾದದ್ದು ಎಂಬ ಅರ್ಥ ಬಂದೇ ಬರುತ್ತದೆ. ಸಿಟಿ ಹಾಲ್ ಹಾಗಲ್ಲ. 1904ರ ಅಕ್ಟೋಬರ್ 27ರಂದು ತೆರೆದ ಈ ನಿಲ್ದಾಣದಲ್ಲಿ 1945ರ ಡಿಸೆಂಬರ್ 31ಕ್ಕೆ ಜನ ಹತ್ತಿಳಿಯುವುದು ನಿಂತಿತು, ಹಳಿ ಸಾಯಲಿಲ್ಲ. 6ನೇ ನಂಬರಿನ ರೈಲು ಬ್ರೂಕ್ಲಿನ್ ಬ್ರಿಡ್ಜ್ ನಿಲ್ದಾಣದಲ್ಲಿ ಜನರನ್ನು ಇಳಿಸಿ, ಇದೇ ಹಳಿಯ ಮೇಲೆ ಸುತ್ತು ಹಾಕಿ ಹಿಂದಿರುಗುತ್ತದೆ. ತೆಳು ಬಿಲ್ಲೆಗಳನ್ನು ಪದರಪದರವಾಗಿ ಗಾರೆಯಲ್ಲಿ ಕೂರಿಸಿ ಕಟ್ಟಿದ ಗ್ವಾಸ್ಟವಿನೊ ಕಮಾನುಗಳು ಇಂದಿಗೂ ನಿಂತಿವೆ. ಅಂಥದ್ದನ್ನು ಪಾಳು ಎಂದರೆ ಸುಳ್ಳಾಗುತ್ತದೆ.

ಮುಚ್ಚಿದ್ದು ಏಕೆಂದು ಗೊತ್ತಾದರೆ ಪದ ತಾನೇ ಒದಗುತ್ತದೆ. ಪ್ಲಾಟ್‌ಫಾರ್ಮ್ ಬಿಲ್ಲಿನಂತೆ ಬಾಗಿದೆ, ಬೋಗಿಯೋ ನೇರ. ತಿರುವಿನ ಹೊರಮಗ್ಗುಲಿನ ಪ್ಲಾಟ್‌ಫಾರ್ಮಿಗೆ ಬೋಗಿಯ ಎರಡು ತುದಿಗಳು ಹತ್ತಿರ ಬರುತ್ತವೆ, ನಡು ದೂರ ಉಳಿಯುತ್ತದೆ. ತುದಿಯಲ್ಲಷ್ಟೇ ಬಾಗಿಲಿದ್ದ ಕಾಲಕ್ಕೆ ತೊಂದರೆಯಿರಲಿಲ್ಲ. ಮುಂದೆ ನಡುಬಾಗಿಲಿನ ಬೋಗಿಗಳು ಬಂದಾಗ ಕಾಲು ಜಾರುವಷ್ಟು ಸಂದು ಬಿತ್ತು. ಹತ್ತಿರದಲ್ಲೇ ಬ್ರೂಕ್ಲಿನ್ ಬ್ರಿಡ್ಜ್ ನಿಲ್ದಾಣ ಇದ್ದುದರಿಂದ ಇಲ್ಲಿ ಜನವೂ ಕಡಿಮೆ. ಹೀಗಾಗಿ ಬಳಕೆ ನಿಲ್ಲಿಸಿದರು.

ಅಮೆರಿಕದ್ದೇ ಇನ್ನೊಂದು ಊರಾದ ಸಿನ್ಸಿನಾಟಿಯ ಸಂಗತಿ ಬೇರೆ: 1920ರಲ್ಲಿ ನೆಲದಡಿಯ ರೈಲುದಾರಿಯ ಕೆಲಸ ಶುರುವಾಗಿ, ಹಣ ಸಾಲದೆ ನಿಂತು, ಅಲ್ಲಿ ಪ್ರಯಾಣಿಕರ ರೈಲು ಒಂದೂ ಓಡಲಿಲ್ಲ. ಅದಕ್ಕೆ ‘ಕೈಬಿಟ್ಟ’ ಸರಿ. 1956ರಲ್ಲಿ ನೆಲದಡಿಯ ರೈಲಿನಲ್ಲಿ ಪ್ರಯಾಣಿಕರ ಓಡಾಟ ನಿಂತ, ಅಮೆರಿಕದ ಮತ್ತೊಂದು ಊರಾದ ರೋಚೆಸ್ಟರ್‌ನಲ್ಲಿ ಹಳಿ ಕಿತ್ತ ಸುರಂಗದ ಗೋಡೆಗಳಲ್ಲಿ ದಶಕಗಳ ಕಾಲ ಬಣ್ಣದ ಗೀಚುಬರಹವೇ ತುಂಬಿತ್ತು. ಅದನ್ನು ಬೇಕಾದರೆ ‘ಪಾಳು ಸುರಂಗ’ ಎನ್ನಿ. ಇಂಗ್ಲಿಷಿನ ‘ಅಬ್ಯಾಂಡನ್ಡ್’ ಎಂಬ ಒಂದೇ ಪದ ಈ ಮೂರಕ್ಕೂ ನಡೆಯುತ್ತದೆ, ಕನ್ನಡದಲ್ಲಿ ಬಿಡಿಸಿ ಹೇಳಲು ಬರುತ್ತದೆ. ‘ಪರಿತ್ಯಕ್ತ’ ಬೇಡ, ಅದು ಗಂಡ ಬಿಟ್ಟ ಹೆಂಡತಿಯನ್ನು ನೆನಪಿಸುತ್ತದೆ.

‘ಸಬ್‌ವೇ’ಯನ್ನೂ ಹಾಗೇ ಬಿಡಬೇಡಿ. ನ್ಯೂಯಾರ್ಕಿನವರಿಗೆ ಅದು ರೈಲು, ಲಂಡನ್ನಿನವರಿಗೆ ರಸ್ತೆ ದಾಟುವ ನೆಲದಡಿಯ ದಾರಿ; ನಮ್ಮ ಓದುಗರೂ ಈ ಎರಡನೆಯದನ್ನೇ ಊಹಿಸುತ್ತಾರೆ. ‘ನೆಲದಡಿಯ ರೈಲು ನಿಲ್ದಾಣ’ ಎಂದರೆ ಗೊಂದಲವಿಲ್ಲ.

ಇನ್ನು ‘ಮುಚ್ಚಿದ ನಿಲ್ದಾಣ’ ಎಂದಷ್ಟೇ ಬರೆದರೆ ಈ ರಾತ್ರಿ ಬಾಗಿಲು ಹಾಕಿದೆ ಎಂದೂ ಆಗಬಹುದು. ‘1945ರಲ್ಲಿ ಬಳಕೆ ನಿಂತ ನೆಲದಡಿಯ ರೈಲು ನಿಲ್ದಾಣ’ ಎಂದು ಮೊದಲ ಸಲ ಬರೆದು, ಆಮೇಲೆ ‘ಹಳೆಯ ನಿಲ್ದಾಣ’ ಎಂದರೆ ಸಾಕು.